ಗೊಂಬೆಯ ಆರತಿಯಿಂದ ಚಹಾಕೂಟದವರೆಗೆ

ಈಚಿನ ವರ್ಷಗಳಲ್ಲಿ ನಮ್ಮ ಬೆಳಗೊಳದ ಸುತ್ತಮುತ್ತಲ ಮನೆಗಳಲ್ಲಿಯೂ ಒಂದು ಹೊಸ ಪದ್ಧತಿ ಕಾಲಿಟ್ಟಿದೆ. ರಜೆಯ ದಿನ ಸಂಜೆ ನೆಂಟರಿಷ್ಟರನ್ನೂ ಸ್ನೇಹಿತರನ್ನೂ ಚಹಾಕ್ಕೆಂದು ಕರೆಯುತ್ತಾರೆ. ಬರಿಯ ಚಹಾವಲ್ಲ, ಆ ಸಂಜೆಗೆ ಒಂದು ವಿಷಯವನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಮಲ್ಲಿಗೆಯ ಸಂಜೆಯೆಂದರೆ ಹಾಸಿದ ಬಟ್ಟೆ ಬಿಳಿಯದು, ಮುಡಿದ ಹೂವು ಬಿಳಿಯದು, ಉಟ್ಟ ಸೀರೆಯೂ ಬಿಳಿಯದು. ಅಜ್ಜಿಯ ಕಾಲದ ಸಂಜೆಯೆಂದರೆ ಅಟ್ಟದ ಮೇಲಿದ್ದ ಹಿತ್ತಾಳೆಯ ತಟ್ಟೆಲೋಟಗಳು ಹುಣಿಸೆಹಣ್ಣಿನ ಸ್ನಾನ ಮಾಡಿ ನಡುಮನೆಗೆ ಬರುತ್ತವೆ. ಇದನ್ನು ಕಂಡು ಹಿರಿಯರಲ್ಲಿ ಕೆಲವರು ಪರದೇಶದ ಅನುಕರಣವೆಂದು ಮೂಗುಮುರಿಯುತ್ತಾರೆ. ಸಂತೋಷಕ್ಕಾಗಿ ಮಾಡಿದ್ದರಲ್ಲಿ ವಿಚಾರಿಸತಕ್ಕದ್ದೇನು ಎಂದು ಕಿರಿಯರು ಕೇಳುತ್ತಾರೆ. ಈ ಎರಡು ಮಾತುಗಳೂ ಸರಿಯಲ್ಲವೆಂದು ನನಗೆ ತೋರುತ್ತದೆ. ಒಂದು ವಿಷಯವನ್ನು ಹಿಡಿದು, ಮನೆಯನ್ನು ಸಿಂಗರಿಸಿ, ಅದಕ್ಕೆ ಒಪ್ಪುವ ತಿನಿಸನ್ನು ಮಾಡಿ ಹತ್ತು ಜನರನ್ನು ಕರೆಯುವ ಸಂಪ್ರದಾಯವು ಕಾವೇರಿಯ ಈ ದಡದಲ್ಲಿ ಚಹಾಕ್ಕಿಂತ ಬಹಳ ಹಳೆಯದು. ಹೊಸತಾಗಿ ಬಂದದ್ದು ಲೋಟದಲ್ಲಿರುವ ಪಾನೀಯ ಮಾತ್ರ. ಆದರೆ ಆ ಪಾನೀಯವು ನಮ್ಮ ಮನೆಗಳ ಬಾಗಿಲನ್ನು ಎಷ್ಟರ ಮಟ್ಟಿಗೆ ತೆರೆಯಿತು, ಎಷ್ಟರ ಮಟ್ಟಿಗೆ ತೆರೆಯಲಿಲ್ಲ ಎಂಬುದು ವಿಚಾರಿಸತಕ್ಕ ಸಂಗತಿಯೇ ಆಗಿದೆ.

ಮೊದಲು ಹಳೆಯ ಕೂಟವನ್ನು ನೋಡೋಣ. ವಿಜಯನಗರದ ಅರಸರು ಮಹಾನವಮಿಯನ್ನು ವೈಭವದಿಂದ ಆಚರಿಸುತ್ತಿದ್ದುದನ್ನು ೧೪೪೩ರಲ್ಲಿ ಅಲ್ಲಿಗೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನೂ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸರ ಡೊಮಿಂಗೊ ಪಾಯೆಸನೂ ಬರೆದಿಟ್ಟಿದ್ದಾರೆ. ಆ ಸಾಮ್ರಾಜ್ಯದ ಕೀರ್ತಿಯು ಕುಂದಿದ ಬಳಿಕ ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣವನ್ನು ಕೈವಶಮಾಡಿಕೊಂಡು ಅದೇ ವರ್ಷ ಅಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದರು. ಗೋವಿಂದವೈದ್ಯನು ೧೬೪೮ರಲ್ಲಿ ರಚಿಸಿದ ‘ಕಂಠೀರವ ನರಸರಾಜ ವಿಜಯ’ದಲ್ಲಿ ಆ ಪಟ್ಟಣದ ಮಹಾನವಮಿಯ ವರ್ಣನೆಯು ವಿಸ್ತಾರವಾಗಿ ಬಂದಿದೆ. ೧೭೯೯ರಲ್ಲಿ ಟಿಪ್ಪು ಸುಲ್ತಾನನು ಮಡಿದ ತರುವಾಯ ರಾಜಧಾನಿಯು ಮೈಸೂರಿಗೆ ಹೋಯಿತು. ಉತ್ಸವವೂ ಅದರೊಡನೆ ಹೋಯಿತು. ಇಂದಿಗೂ ಮೈಸೂರಿನ ಅರಮನೆಯಲ್ಲಿ ‘ಗೊಂಬೆ ತೊಟ್ಟಿ’ಯೆಂಬ ಅಂಗಳವಿದೆ. ಅರಮನೆಯವರು ಕೂಡ ನವರಾತ್ರಿಯಲ್ಲಿ ಗೊಂಬೆ ಕೂರಿಸುತ್ತಿದ್ದರೆಂಬುದಕ್ಕೆ ಆ ಹೆಸರೇ ಸಾಕ್ಷಿಯಾಗಿದೆ.

ಅರಮನೆಯ ದರ್ಬಾರು ಮನೆಯ ನಡುಮನೆಗೆ ಇಳಿದು ಬಂದ ರೂಪವೇ ಗೊಂಬೆಯ ಹಬ್ಬವೆಂದು ಹೇಳಿದರೆ ತಪ್ಪಾಗಲಾರದು. ಮರದ ಮೆಟ್ಟಿಲುಗಳನ್ನು ಜೋಡಿಸಿ, ಬಿಳಿಯ ಮಡಿಬಟ್ಟೆಯನ್ನು ಹಾಸಿ, ಎಲ್ಲಕ್ಕೂ ಮೇಲಿನ ಮೆಟ್ಟಿಲಿನಲ್ಲಿ ರಾಜರಾಣಿಯರ ಜೋಡಿಯನ್ನು ಇಡುತ್ತಾರೆ. ಇದಕ್ಕೆ ಪಟ್ಟದ ಗೊಂಬೆಯೆಂದು ಹೆಸರು. ರಕ್ತಚಂದನದ ಮರದಲ್ಲಿ ಕಡೆದ ಈ ಜೋಡಿಯನ್ನು ಮದುವೆಯಲ್ಲಿ ಹೆಣ್ಣಿಗೆ ತವರಿನವರು ಕೊಡುವುದು ವಾಡಿಕೆ. ಅದರ ಕೆಳಗೆ ದಶಾವತಾರ, ಮದುವೆಯ ದಿಬ್ಬಣ, ಜಂಬೂ ಸವಾರಿ, ಸಂತೆಯ ಬೀದಿ, ತರಕಾರಿಯ ಶೆಟ್ಟಿ ಮತ್ತು ಅವನ ಹೆಂಡತಿ. ನೆಲದ ಮೇಲೆ ಮಣ್ಣು ಹರಡಿ ರಾಗಿಯನ್ನು ಚೆಲ್ಲಿ ಮೊಳೆಯಿಸಿದ ಹಸುರು ಮೈದಾನ. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆ ಮೂವತ್ತರ ದಶಕದ ಮೊದಲಲ್ಲಿ ಮುಗಿದ ಮೇಲೆ ಹುಟ್ಟಿದ ನಮ್ಮಂಥವರು ಆ ಮೈದಾನದ ಪಕ್ಕದಲ್ಲಿ ಹಲಗೆಯ ಚೂರುಗಳಿಂದ ಕಟ್ಟೆಯನ್ನು ಕಟ್ಟಿ, ತಟ್ಟೆಯಲ್ಲಿ ನೀರು ನಿಲ್ಲಿಸಿ ಬೃಂದಾವನವೆಂದು ಹೆಮ್ಮೆಪಡುತ್ತಿದ್ದೆವು. ಒಂದೊಂದು ಮನೆಗೆ ಒಂದೊಂದು ವಿಷಯ. ಒಂದೊಂದು ಸಂಜೆಗೆ ಒಂದೊಂದು ತಿನಿಸು. ಈ ದಿನ ಕಡಲೆಯ ಉಸಲಿಯಾದರೆ ನಾಳೆ ಕೋಡುಬಳೆ, ನಾಳಿದ್ದು ರವೆಯ ಉಂಡೆ. ಹೀಗೆ ನೋಡಿದರೆ ಇಂದಿನ ಗೃಹಿಣಿಯು ಬಣ್ಣವನ್ನು ಗೊತ್ತುಮಾಡಿ ಮನೆಯನ್ನು ಸಿಂಗರಿಸುವುದರಲ್ಲಿ ಅಪೂರ್ವವಾದದ್ದೇನೂ ಇಲ್ಲ. ಅವಳ ಮುತ್ತಜ್ಜಿಯು ಒಂಬತ್ತು ಸಂಜೆ ಎಡೆಬಿಡದೆ ಇದನ್ನೇ ಮಾಡುತ್ತಿದ್ದಳು.

ಈ ಕೂಟದ ಬಾಗಿಲಲ್ಲಿ ಎರಡು ಬಗೆಯ ನಿಯಮಗಳು ನಡೆಯುತ್ತಿದ್ದುವು. ಮಕ್ಕಳ ಪಾಲಿಗೆ ಬಾಗಿಲು ತೆರೆದೇ ಇರುತ್ತಿತ್ತು. ಗುಂಪುಗಟ್ಟಿಕೊಂಡು ಬೀದಿಬೀದಿ ತಿರುಗಿ, ‘ಗೊಂಬೆ ಕೂರಿಸಿದ್ದೀರಾ?’ ಎಂದು ಕೇಳಿದರೆ ಸಾಕು, ಒಳಕ್ಕೆ ಕರೆದು ಗೊಂಬೆಯನ್ನು ತೋರಿಸಿ ಗೊಂಬೆಬಾಗಿನವೆಂದು ಕೈತುಂಬ ತಿನಿಸು ಕೊಡುವರು. ದೊಡ್ಡವರ ಪಾಲಿಗೆ ಹಾಗಲ್ಲ. ಅರಿಶಿನ ಕುಂಕುಮಕ್ಕೆ ಕರೆಯಬೇಕಾದವರು ಮುತ್ತೈದೆಯರು. ಅವರಲ್ಲಿಯೂ ತಮ್ಮ ಪಂಕ್ತಿಗೆ ಸಲ್ಲುವವರು. ಗಂಡನನ್ನು ಕಳೆದುಕೊಂಡವಳಿಗೆ ಕರೆಯಿಲ್ಲ. ಬೇರೆ ಕೇರಿಯವಳಿಗೆ ಜಗಲಿಯ ಕೆಳಗಿನ ನೆಲ. ಹಬ್ಬದ ಸೊಬಗನ್ನು ವರ್ಣಿಸುವವರು ಸಾಮಾನ್ಯವಾಗಿ ಈ ಎರಡನೆಯ ನಿಯಮವನ್ನು ಬಿಟ್ಟುಬಿಡುತ್ತಾರೆ. ಚರಿತ್ರೆಯನ್ನು ಬರೆಯುವವನು ಬಿಡತಕ್ಕದ್ದಲ್ಲ.

ಬಾಗಿಲಿನ ಪ್ರಶ್ನೆ ನಮ್ಮ ಸೀಮೆಗೆ ಹೊಸದೂ ಅಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ, ಶ್ರೀರಾಮಾನುಜಾಚಾರ್ಯರು ‘ತಿರುಕುಲದವ’ರೆಂದು ಕರೆದ ಅಸ್ಪೃಶ್ಯರಿಗೆ ವರ್ಷಕ್ಕೆ ಮೂರು ದಿನ ದೇವಾಲಯದ ಪ್ರವೇಶವನ್ನು ಕಲ್ಪಿಸಿಕೊಟ್ಟರೆಂಬ ಸಂಪ್ರದಾಯವು ಪ್ರಸಿದ್ಧವಾಗಿದೆ. ಮೂರು ದಿನ ತೆರೆದ ಬಾಗಿಲು ಉಳಿದ ದಿನಗಳಲ್ಲಿ ಮುಚ್ಚಿತ್ತೆಂಬುದನ್ನು ನೆನೆದು ಖೇದಪಡಬಹುದು. ಸುಮಾರು ಒಂಬೈನೂರು ವರ್ಷಗಳ ಹಿಂದೆ ಅಷ್ಟಾದರೂ ತೆರೆಯಿತೆಂದು ಸಮಾಧಾನವನ್ನೂ ತಾಳಬಹುದು. ಹೇಗಾದರೂ ದೇವರ ಮನೆಗೆ ಯಾರನ್ನು ಕರೆಯಬೇಕೆಂಬ ಪ್ರಶ್ನೆಯನ್ನು ಕೇಳಿದ ನೆಲವಿದು. ನಮ್ಮ ಮನೆಗೆ ಯಾರನ್ನು ಕರೆಯಬೇಕೆಂಬ ಪ್ರಶ್ನೆಯು ಅದರ ಮರಿ.

ಇನ್ನು ಪಾನೀಯದ ವಿಚಾರ. ಚಹಾವೆಂಬ ಮಾತೂ ಟೀ ಎಂಬ ಮಾತೂ ಮೂಲದಲ್ಲಿ ಚೀನದವೇ. ಅದನ್ನು ಕೂಟದ ಕಲೆಯಾಗಿ ಬೆಳೆಸಿದವರು ಜಪಾನಿನವರು. ಅಲ್ಲಿಯ ಚಹಾಗುರು ಸೆನ್ ನೊ ರಿಕ್ಯೂ (೧೫೨೨–೧೫೯೧) ಎಂಬಾತನ ಪದ್ಧತಿಯಲ್ಲಿ ಪ್ರತಿಯೊಂದು ಕೂಟಕ್ಕೂ ಋತುವಿಗೆ ಒಪ್ಪುವ ಒಂದು ಚಿತ್ರಪಟ, ಒಂದು ಹೂವು, ಅದಕ್ಕೆ ತಕ್ಕ ಬಟ್ಟಲು ಇರಬೇಕು. ಚಹಾದ ಗುಡಿಸಲಿನ ಬಾಗಿಲನ್ನಂತೂ ತೀರ ಚಿಕ್ಕದಾಗಿ ಮಾಡುತ್ತಿದ್ದರು. ಎಂಥ ಸರದಾರನಾದರೂ ಕತ್ತಿಯನ್ನು ಹೊರಗೆ ಬಿಟ್ಟು, ತಲೆತಗ್ಗಿಸಿ, ಮಂಡಿಯೂರಿಯೇ ಒಳಗೆ ಬರಬೇಕು. ಒಳಗೆ ಬಂದ ಮೇಲೆ ಎಲ್ಲರೂ ಅತಿಥಿಗಳೇ. ಇಂಗ್ಲೆಂಡಿನಲ್ಲಿ ಅಪರಾಹ್ಣದ ಚಹಾಕೂಟವನ್ನು ಬೆಡ್‌ಫರ್ಡಿನ ಡಚೆಸ್ ಆನ್ನಾ ಎಂಬಾಕೆಯು ೧೮೪೦ರ ಸುಮಾರಿನಲ್ಲಿ ರೂಢಿಗೆ ತಂದಳೆಂದು ಹೇಳಿಕೆ. ಎಂದರೆ ಆ ದೇಶದಲ್ಲಿಯೂ ಅದು ಬಹಳ ಪುರಾತನವಾದ ಆಚಾರವಲ್ಲ. ಶ್ರೀರಂಗಪಟ್ಟಣವು ಬಿದ್ದ ಮೇಲೆ ಆಂಗ್ಲರ ಸೈನ್ಯವು ಕೆಲವು ವರ್ಷಗಳ ಕಾಲ ಆ ದ್ವೀಪದಲ್ಲಿ ಬೀಡುಬಿಟ್ಟಿತ್ತು. ಮುಂದೆ ವೆಲಿಂಗ್ಟನ್ ಪ್ರಭುವೆನಿಸಿದ ಆರ್ಥರ್ ವೆಲ್ಲೆಸ್ಲಿಯು ದರಿಯಾ ದೌಲತ್ತಿನಲ್ಲಿ ವಾಸವಾಗಿದ್ದನು. ಆ ಅಧಿಕಾರಿಗಳು ಚಹಾ ಕುಡಿದಿದ್ದರೆ ಅದು ಚೀನದ ಸೊಪ್ಪೇ ಆಗಿರಬೇಕು. ಏಕೆಂದರೆ ಅಸ್ಸಾಮಿನ ಚಹಾ ಲಂಡನ್ನಿನ ಹರಾಜಿಗೆ ಬಂದದ್ದೇ ೧೮೩೯ರಲ್ಲಿ.

ನಮ್ಮ ಸೀಮೆಯಲ್ಲಿ ಚಹಾಕ್ಕಿಂತ ಮುಂಚೆ ಮನೆಯನ್ನು ಹೊಕ್ಕದ್ದು ಕಾಫಿ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಾಧುವು ಅರಬ್ಬೀ ದೇಶದ ಮೋಕಾ ರೇವಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣಪರ್ವತದಲ್ಲಿ ಬಿತ್ತಿದನೆಂಬ ಐತಿಹ್ಯವನ್ನು ಅರಿಯದವರಿಲ್ಲ. ಆದರೂ ಬೆಳೆದದ್ದು ಬಹುಕಾಲ ಪರಸ್ಥಳಕ್ಕೇ ಹೋಗುತ್ತಿತ್ತು. ಮೈಸೂರಿನ ಗೃಹಸ್ಥರ ಮನೆಗಳಲ್ಲಿ ಕಾಫಿಯು ನಿತ್ಯದ ಪಾನೀಯವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದೀಚೆಗೆ. ಅದಕ್ಕೆ ಬೇಕಾದ ಸಕ್ಕರೆಯ ಚರಿತ್ರೆಯಲ್ಲಿ ನಮ್ಮ ನೆರೆಯ ಪಾಲಹಳ್ಳಿಗೆ ಒಂದು ಗೌರವದ ಸ್ಥಾನವಿದೆ. ಅಲ್ಲಿ ೧೮೪೭ರಲ್ಲಿ ಗ್ರೋವ್ಸ್ ಕಂಪೆನಿಯವರು ‘ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ’ಯನ್ನು ಸ್ಥಾಪಿಸಿ, ರೈತರು ಮಾಡಿದ ಬೆಲ್ಲವನ್ನು ಕೊಂಡು ಶುದ್ಧಮಾಡಿ ಸಕ್ಕರೆಯನ್ನು ತೆಗೆಯುತ್ತಿದ್ದರು, ಆ ಸಕ್ಕರೆಯು ೧೮೫೧ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಬಹುಮಾನವನ್ನು ಪಡೆಯಿತು. ಆದರೂ ಹಳ್ಳಿಯ ಮನೆಗಳಲ್ಲಿ ಬೆಲ್ಲದ ಕಾಫಿಯೇ ಬಹಳ ದಿನ ನಡೆಯಿತು. ಕನ್ನಂಬಾಡಿಯ ನಾಲೆಯ ನೀರು ಹರಿದು, ಕಬ್ಬಿನ ಬೆಳೆ ಹಬ್ಬಿ, ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾದ ಮೇಲೆ ಈ ಪ್ರಾಂತದಲ್ಲಿ ಸಕ್ಕರೆಯು ಶ್ರೀಮಂತರ ಸ್ವತ್ತಾಗಿ ಉಳಿಯಲಿಲ್ಲ. ನಾಗಮಂಗಲದ ಸೀಮೆಯ ಕಂಚುಗಾರರು ಕಂಚು ಹಿತ್ತಾಳೆಗಳ ಕೆಲಸಕ್ಕೆ ಮೊದಲೇ ಹೆಸರಾದವರು. ಬೀಜ ಚಿಕ್ಕಮಗಳೂರಿನದು, ಸಕ್ಕರೆ ಮಂಡ್ಯದ್ದು, ಹಾಲು ಹಿತ್ತಿಲ ಹಸುವಿನದು. ಇಷ್ಟಾದ ಮೇಲೆ ಕಾಫಿಯನ್ನು ಪರದೇಶದ್ದೆಂದು ಎಷ್ಟು ದಿನ ಹೇಳಲಾದೀತು?

ವ್ಯಾಪಾರದವರೂ ಸುಮ್ಮನಿರಲಿಲ್ಲ. ೧೯೦೩ರಲ್ಲಿಯೇ ಚಹಾದ ಮೇಲೆ ಸುಂಕವನ್ನು ಹಾಕಿ ಅದರ ಹಣದಿಂದ ಪ್ರಚಾರಮಾಡುವ ಶಾಸನವಾಯಿತು. ೧೯೩೭ರಲ್ಲಿ ಏರ್ಪಟ್ಟ ಚಹಾ ಮಾರುಕಟ್ಟೆ ವಿಸ್ತರಣ ಮಂಡಲಿಯವರು ಸಂತೆಜಾತ್ರೆಗಳಲ್ಲಿ ಚಹಾ ಕಾಯಿಸಿ ಹಂಚಿದ್ದಲ್ಲದೆ, ಮನೆಗಳ ಹೆಂಗಸರಿಗೂ ಅದನ್ನು ಮಾಡುವ ಬಗೆಯನ್ನು ಕಲಿಸಲು ಜನರನ್ನು ಕಳುಹಿಸಿದರು. ಕಾಫಿಗೂ ೧೯೩೫ರಲ್ಲಿ ಸುಂಕದ ಶಾಸನವೂ, ಯುದ್ಧದಿಂದ ಹೊರದೇಶದ ಮಾರುಕಟ್ಟೆ ಮುಚ್ಚಿದಾಗ ೧೯೪೦ರಲ್ಲಿ ಅಂಥದೇ ಮಂಡಲಿಯೂ, ೧೯೪೨ರಲ್ಲಿ ಕಾಫಿಯ ಕಾಯಿದೆಯೂ ಬಂದುವು. ಇದಕ್ಕೆ ವಿರೋಧವೂ ಇತ್ತು. ಗಾಂಧೀಜಿಯವರು ೧೯೪೨ರಲ್ಲಿ ಸೆರೆಯಲ್ಲಿದ್ದುಕೊಂಡು ಆರೋಗ್ಯವನ್ನು ಕುರಿತು ಬರೆದ ಪುಸ್ತಕದಲ್ಲಿ ಚಹಾ ಕಾಫಿ ಕೋಕೋ ಮೂರೂ ದೇಹಕ್ಕೆ ಬೇಕಾದವಲ್ಲವೆಂದು ತಿಳಿಸಿದ್ದಾರೆ. ಅವರ ಮಾತನ್ನು ಗೌರವದಿಂದ ಓದಿದವರೇ ಪುಸ್ತಕವನ್ನು ಮುಚ್ಚಿಟ್ಟು ಕಾಫಿಯ ಲೋಟಕ್ಕೆ ಕೈನೀಡಿದರೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಈ ಪಾನೀಯಗಳಿಗೆ ಒಂದು ವಿಶೇಷಗುಣವುಂಟು, ಅದು ರುಚಿಯಲ್ಲಿರುವುದಲ್ಲ. ಕಾಫಿಗಾಗಲಿ ಚಹಾಕ್ಕಾಗಲಿ ಶಾಸ್ತ್ರವಿಲ್ಲ. ಅನ್ನಕ್ಕೆ ಪಂಕ್ತಿಯುಂಟು, ತೀರ್ಥಕ್ಕೆ ಮಡಿಯುಂಟು, ತಾಂಬೂಲಕ್ಕೆ ಮರ್ಯಾದೆಯ ಕ್ರಮವುಂಟು, ಅರಿಶಿನ ಕುಂಕುಮಕ್ಕೆ ಮುತ್ತೈದೆತನದ ಕಟ್ಟುಂಟು. ಹೊಸತಾಗಿ ಬಂದ ಈ ಕಷಾಯಕ್ಕೆ ಯಾವ ಸ್ಮೃತಿಕಾರನೂ ವಿಧಿಯನ್ನು ಬರೆದಿಡಲಿಲ್ಲ. ಆದಕಾರಣ ಊಟಕ್ಕೆ ಕರೆಯಲಾರದವರನ್ನು ಕಾಫಿಗೆ ಕರೆಯುವುದು ಸಾಧ್ಯವಾಯಿತು. ಬೇರೆ ಪಂಗಡದ ಶಾಲೆಯ ಉಪಾಧ್ಯಾಯರು, ಕಟ್ಟೆಯ ಕೆಲಸಕ್ಕೆ ಬಂದ ಓವರ್ಸಿಯರು, ಮಗನ ಸಹಪಾಠಿ, ಇವರಿಗೆ ಜಗಲಿಯ ಮೇಲೆ ಒಂದು ಲೋಟ ಕಾಫಿ ಬಂದಿತು. ಕ್ರಮೇಣ ಜಗಲಿಯಿಂದ ನಡುಮನೆಯ ಚಾಪೆಗೆ ಬಂದಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳಗೊಳದಲ್ಲಿ ಕಾಗದದ ಕಾರ್ಖಾನೆಯು ನಡೆಯುತ್ತಿದ್ದಾಗ ನಾನಾ ಊರುಗಳಿಂದ ಕೆಲಸಕ್ಕೆ ಬಂದು ನೆರೆಹೊರೆಯಾದವರಿಗೆ ಈ ಒಂದು ಲೋಟವೇ ಪರಿಚಯದ ಮೊದಲ ಮೆಟ್ಟಿಲಾಗಿತ್ತು.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧಸತ್ಯವಾದೀತು. ಶಾಸ್ತ್ರವಿಲ್ಲದ ಪಾನೀಯಕ್ಕೂ ನಾವು ಬೇಗನೆ ಶಾಸ್ತ್ರವನ್ನು ಕಲ್ಪಿಸಿದೆವು. ತುಟಿ ತಾಗದಂತೆ ಎತ್ತಿ ಕುಡಿಯಬೇಕೆಂಬ ಮಡಿ ಒಂದು. ಒಳಗಿನವರಿಗೆ ಒಂದು ಲೋಟ, ಹೊರಗಿನವರಿಗೆ ಬೇರೆ ಲೋಟ. ಕೇರಿಯಿಂದ ಬಂದ ಆಳಿಗೆ ಅದೂ ಇಲ್ಲದೆ ತೆಂಗಿನ ಚಿಪ್ಪು. ಊರುಗಳಲ್ಲಿ ಕಾಫಿ ಕ್ಲಬ್ಬುಗಳೂ ಹೋಟಲುಗಳೂ ತಲೆಯೆತ್ತಿದಾಗ ಅನೇಕ ಕಡೆ ಬ್ರಾಹ್ಮಣರಿಗೆ ಬೇರೆ ಸ್ಥಳವೆಂದು ಹಲಗೆ ತೂಗಿತು. ೧೯೫೦ನೆಯ ಜನವರಿ ೨೬ರಂದು ಜಾರಿಗೆ ಬಂದ ರಾಜ್ಯಾಂಗದ ೧೫ನೆಯ ಅನುಚ್ಛೇದವು ಹೋಟಲುಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು; ೧೭ನೆಯದು ಅಸ್ಪೃಶ್ಯತೆಯನ್ನೇ ತೊಡೆದುಹಾಕಿತು. ಆದರೆ ಮನೆಯ ಬಾಗಿಲಿಗೆ ಕಾಯಿದೆಯಿಲ್ಲ. ಅಲ್ಲಿ ಯಾರನ್ನು ಕರೆಯಬೇಕೆಂಬುದು ಮನೆಯವರ ಮನಸ್ಸಿಗೇ ಬಿಟ್ಟದ್ದು.

ಇಲ್ಲಿ ನನ್ನ ಬಾಲ್ಯದ ಒಂದು ನೆನಪನ್ನು ಹೇಳಲು ವಾಚಕರು ಅಪ್ಪಣೆ ಕೊಡಬೇಕು. ನಮ್ಮ ಮನೆಯಲ್ಲಿ ಸೋದರತ್ತೆಯೊಬ್ಬರಿದ್ದರು. ಚಿಕ್ಕಂದಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನವರಾತ್ರಿಯ ಒಂಬತ್ತು ದಿನವೂ ಹೊತ್ತು ಹುಟ್ಟುವ ಮುನ್ನ ಎದ್ದು ಕಾಳು ಬೇಯಿಸಿ ಉಸಲಿಗೆ ಒಗ್ಗರಣೆ ಹಾಕುತ್ತಿದ್ದವರು ಅವರೇ. ಮೇಲಿನ ಮೆಟ್ಟಿಲಿನಲ್ಲಿ ಕೂರುತ್ತಿದ್ದ ಪಟ್ಟದ ಗೊಂಬೆಗಳೂ ಅವರವೇ. ಅವರ ಮದುವೆಯಲ್ಲಿ ನಮ್ಮ ಅಜ್ಜ ಕೊಡಿಸಿದವು, ಅವರೊಡನೆಯೇ ಹಿಂದಿರುಗಿದವು. ಆದರೆ ಸಂಜೆ ಹೆಂಗಸರು ಬಂದು ಆರತಿಯ ಹಾಡು ಆರಂಭವಾಯಿತೆಂದರೆ ಅತ್ತೆ ಅಡುಗೆಯ ಮನೆಯ ಬಾಗಿಲನ್ನು ದಾಟುತ್ತಿರಲಿಲ್ಲ. ದಾಟಬೇಡವೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಒಂದು ವರ್ಷ ಆರತಿ ಮುಗಿದು, ಕುಂಕುಮದ ಬಟ್ಟಲನ್ನು ಗೂಡಿನಲ್ಲಿಟ್ಟು, ಬಂದವರಿಗೆ ಕಾಫಿ ಕೊಡುವ ಹೊತ್ತಿನಲ್ಲಿ ನಮ್ಮ ತಾಯಿಯವರು ಒಳಗೆ ನೋಡಿ, ‘ಅತ್ತಿಗೆ, ನಿಮ್ಮ ಕಾಫಿ ಆರಿಹೋಗುತ್ತೆ, ಇಲ್ಲಿಗೇ ಬಂದುಬಿಡಿ’ ಎಂದರು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಅತ್ತೆಯವರು ಸೆರಗನ್ನು ಸರಿಮಾಡಿಕೊಂಡು ಬಂದು ಚಾಪೆಯ ಅಂಚಿನಲ್ಲಿ ಕುಳಿತರು. ಬಂದಿದ್ದ ಹಿರಿಯ ಮುತ್ತೈದೆಯೊಬ್ಬರು ಸ್ವಲ್ಪ ಸರಿದು ಜಾಗ ಕೊಟ್ಟರು. ಕಾಫಿಗೆ ಶಾಸ್ತ್ರವಿಲ್ಲದಿದ್ದುದರಿಂದ ಆಕ್ಷೇಪಣೆಗೂ ಆಧಾರವಿರಲಿಲ್ಲ. ಆ ಸಂಜೆ ಯಾವ ಗೊಂಬೆ ಯಾವ ವರ್ಷದ್ದು, ಯಾವುದನ್ನು ಚನ್ನಪಟ್ಟಣದಿಂದ ತಂದದ್ದು, ಯಾವುದರ ಕೈ ಮುರಿದು ಅರಗಿನಿಂದ ಅಂಟಿಸಿದ್ದು ಎಂಬುದನ್ನೆಲ್ಲ ಅತ್ತೆ ಹೇಳಿದರು, ಎಲ್ಲರೂ ಕೇಳಿದರು. ಮರುವರ್ಷದಿಂದ ಕಾಫಿಯ ಹೊತ್ತಿಗೆ ಅವರನ್ನು ಕರೆಯಬೇಕಾಗಲಿಲ್ಲ. ಆದರೆ ಇದನ್ನೂ ಹೇಳಬೇಕು. ಅದೇ ಸಂಜೆ ನಮ್ಮ ಮನೆಯ ಪಾತ್ರೆ ಬೆಳಗುತ್ತಿದ್ದ ಹೆಂಗಸು ಹಿತ್ತಿಲ ಬಾಗಿಲಿನ ಹೊರಗೆ ಕುಳಿತು ತನ್ನ ಪಾಲಿನ ಕಾಫಿಯನ್ನು ಬೇರೆ ಲೋಟದಲ್ಲಿ ಕುಡಿದಳು. ನಮ್ಮ ತಾಯಿಯವರ ಧೈರ್ಯವು ಅಡುಗೆಯ ಮನೆಯ ಬಾಗಿಲವರೆಗೆ ಹೋಯಿತು. ಹಿತ್ತಿಲ ಬಾಗಿಲವರೆಗೆ ಹೋಗಲಿಲ್ಲ.

ಇಂದಿನ ಚಹಾಕೂಟಗಳನ್ನು ನೋಡುವಾಗ ನನಗೆ ಆ ಎರಡು ಬಾಗಿಲುಗಳೂ ನೆನಪಿಗೆ ಬರುತ್ತವೆ. ಬಣ್ಣವೊಂದೇ ಆಗಬೇಕೆಂದೂ ಉಡುಪು ಇಂಥದೇ ಇರಬೇಕೆಂದೂ ಗೊತ್ತುಮಾಡುವಾಗ, ಹೊಸ ಸೀರೆಯನ್ನು ಕೊಳ್ಳಲಾರದ ಗೆಳತಿಯು ತಲೆನೋವಿನ ನೆಪ ಹೇಳಿ ಮನೆಯಲ್ಲಿಯೇ ಉಳಿದರೆ, ನಾವು ಹಳೆಯ ಮಡಿಯನ್ನು ಬಿಟ್ಟು ಹೊಸ ಮಡಿಯನ್ನು ಉಟ್ಟಂತಾಯಿತು. ಒಲೆಯ ಮುಂದೆ ನಿಂತವರು ಹೊರಗೆ ಬಂದು ಕುಳಿತುಕೊಳ್ಳುವ ಹೊತ್ತಿಗೆ ಅತಿಥಿಗಳು ಹೊರಟುನಿಂತಿದ್ದರೆ ಅದು ಅವರ ಪಾಲಿಗೆ ಕೂಟವೇ ಅಲ್ಲ. ಆದುದರಿಂದ ವಿಷಯವನ್ನು ಆರಿಸುವಾಗಲೇ ಎಲ್ಲರಿಗೂ ಅದರಲ್ಲಿ ಪಾಲಿರುವಂತೆ ಆರಿಸುವುದು ಮೇಲು. ಕರಿದ ತಿನಿಸನ್ನು ಬೆಳಗ್ಗೆಯೇ ಮಾಡಿಟ್ಟರೆ ಸಂಜೆಗೆ ಚಹಾ ಕಾಯಿಸುವುದೊಂದೇ ಉಳಿಯುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅಂಥ ವಿಷಯಗಳಿಗೆ ಬಡತನವಿಲ್ಲ. ‘ಮೈಸೂರು ಮಲ್ಲಿಗೆ’ಯ ಕವಿ ಕೆ. ಎಸ್. ನರಸಿಂಹಸ್ವಾಮಿಯವರು ಹುಟ್ಟಿದ್ದು ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ, ಎ. ಎನ್. ಮೂರ್ತಿರಾಯರು ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರು, ಪು. ತಿ. ನರಸಿಂಹಾಚಾರ್ಯರು ಮೇಲುಕೋಟೆಯವರು; ಬಿ. ಎಂ. ಶ್ರೀಕಂಠಯ್ಯನವರ ಮನೆತನ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ಇವರಲ್ಲಿ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಸಂಜೆ ಚಹಾಕ್ಕೆ ಕರೆದು, ಬಂದವರೆಲ್ಲರೂ ತಮಗೆ ಪ್ರಿಯವಾದ ಒಂದು ಪುಟವನ್ನು ಓದಬಹುದು. ಪಾಲಹಳ್ಳಿಯ ಸಕ್ಕರೆಯ ಸಂಜೆಯೆಂದು ಬೆಲ್ಲದ ಕಾಫಿಯನ್ನೂ ಸಕ್ಕರೆಯ ಚಹಾವನ್ನೂ ಜೊತೆಯಾಗಿಟ್ಟು ಗದ್ದೆಯ ಕಥೆಯನ್ನು ಬಲ್ಲ ರೈತರನ್ನು ಮಾತಾಡಿಸಬಹುದು. ಕನ್ನಂಬಾಡಿಯ ಸಂಜೆಯೆಂದು ಕಟ್ಟೆಗಾಗಿ ಹಿರಿಯರ ಮನೆಮಠಗಳನ್ನು ನೀರಿಗೆ ಬಿಟ್ಟುಕೊಟ್ಟ ಮನೆತನದವರನ್ನು ಕರೆಯಬಹುದು. ಅವರು ಹೇಳುವ ಮಾತು ಯಾವ ಅಲಂಕಾರಕ್ಕಿಂತಲೂ ಹೆಚ್ಚಿನದು. ಇವಕ್ಕೆ ಖರ್ಚು ಹೆಚ್ಚಿಲ್ಲ, ಉಡುಪಿನ ನಿಬಂಧನೆಯೂ ಬೇಕಿಲ್ಲ.

ಗೊಂಬೆಯ ಹಬ್ಬವು ಮಕ್ಕಳಿಗೆ ಬಾಗಿಲನ್ನು ತೆರೆದಿಟ್ಟಿತ್ತು. ಕಾಫಿಯು ನಮ್ಮ ಅತ್ತೆಯಂಥವರಿಗೆ ಒಂದು ಬಾಗಿಲನ್ನು ತೆರೆಯಿತು. ಹಿತ್ತಿಲ ಬಾಗಿಲನ್ನು ತೆರೆಯುವ ಕೆಲಸವು ಇಂದಿನ ಗೃಹಸ್ಥರ ಪಾಲಿಗೆ ಉಳಿದಿದೆ. ಕೂಟಕ್ಕೆ ಕರೆಯಬೇಕಾದವರ ಪಟ್ಟಿಯನ್ನು ಬರೆದು ಮುಗಿಸಿದ ಮೇಲೆ, ಈ ಮನೆಯ ಉಪ್ಪನ್ನು ದಿನವೂ ಉಂಡು ಈ ಮನೆಯ ಚಾಪೆಯ ಮೇಲೆ ಇನ್ನೂ ಕುಳಿತಿಲ್ಲದವರು ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ಯೋಚಿಸಿ ಆ ಹೆಸರನ್ನೂ ಸೇರಿಸುವುದು ಯುಕ್ತವೆಂದು ವಾಚಕರಲ್ಲಿ ವಿಜ್ಞಾಪಿಸಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.